ಮೂಕಮ್ಮನ ಮೊಣಕಾಲು, ಆರು ಮುಕ್ಕಾಲಿ

ಹೆಸರಿಗಷ್ಟೇ ಮೂಕಮ್ಮ. ಆಕೆ ಬಾಯಿ ತೆರೆದರೆ ಮಿಷನ್ನಿನ ಸದ್ದೂ ಕೇಳಿಸುವುದಿಲ್ಲ ಎಂದು ಫ್ಯಾಕ್ಟರಿಯ ಹೆಂಗಸರು ನಗುತ್ತಿದ್ದರು. ಆದವಾನಿಯ ಹತ್ತಿ ವ್ಯಾಪಾರಿ ಏಕಾಂತಪ್ಪನವರ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಆಕೆಗೆ ಹದಿನಾಲ್ಕು ವರ್ಷದಿಂದ ಹತ್ತಿ ಹಸನು ಮಾಡುವ ಕೆಲಸ. ಬಂಡಿಗಳಿಂದ ಇಳಿದ ಹತ್ತಿಯ ರಾಶಿಯ ಮುಂದೆ ನೆಲಕ್ಕೆ ಕೂತು, ಒಣಗಿದ ಎಲೆ, ಕಡ್ಡಿ, ಹಳದಿ ಬಿದ್ದ ಹತ್ತಿಯನ್ನು ಆರಿಸಿ ಎಸೆದು, ಬಿಳಿಯದನ್ನು ಬುಟ್ಟಿಗೆ ತುಂಬಬೇಕು. ಬುಟ್ಟಿ ತುಂಬಿದರೆ ತಲೆಗೇರಿಸಿಕೊಂಡು ಬೀಜ ಬಿಡಿಸುವ ಮಿಷನ್ನಿನ ಕಡೆ ನಡೆಯಬೇಕು. ನಲವತ್ತು ಹೆಂಗಸರಲ್ಲಿ ಮೂಕಮ್ಮನ ಕೈಯೇ ಚುರುಕು. ಎಡಗಾಲನ್ನು ಮಡಚಿ ಅದರ ಮೇಲೇ ಭಾರ ಹಾಕಿ ಕೂತಳೆಂದರೆ ಊಟದ ಗಂಟೆಯವರೆಗೆ ಅಲುಗಾಡುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರ ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ಮಧ್ಯಾಹ್ನ ಮೂಕಮ್ಮ ತುಂಬಿದ ಬುಟ್ಟಿಯನ್ನು ತಲೆಗಿಟ್ಟುಕೊಂಡು, ಕೂತಲ್ಲಿಂದಲೇ ಸೊಂಟ ತಿರುಗಿಸಿ ಮೇಲೆದ್ದಳು. ಎಡ ಮೊಣಕಾಲಿನೊಳಗೆ ಏನೋ ಟಕ್ಕೆಂದಿತು. ಬುಟ್ಟಿ ಒಂದು ಕಡೆ ಉರುಳಿತು, ಆಕೆ ಇನ್ನೊಂದು ಕಡೆ ಉರುಳಿದಳು. ಕಾಲು ಅರ್ಧ ಮಡಚಿದ್ದು ಮಡಚಿದಂತೆಯೇ ನಿಂತುಬಿಟ್ಟಿತು. ನೀಡಲು ಹೋದರೆ ಜೀವ ಹೋದಂತೆ ನೋವು.

"ಅಯ್ಯಯ್ಯೋ, ಕಾಲು ಸಿಕ್ಕೊಂಡೈತಿ! ಯಾರಾರ ಹಿಡೀರೇ!" ಎಂದು ಕೂಗಿದಳು.

ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ದಸ್ತಗಿರಮ್ಮ ಓಡಿಬಂದು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಂಗಸರ ಮೇಲ್ವಿಚಾರಣೆ ನೋಡುವ ಮೇಸ್ತ್ರಿ ಬಜಾರಪ್ಪ ಬಂದು ನಿಂತ. ಕೆಟ್ಟವನಲ್ಲ, ಆದರೆ ಮಾತು ಮಾತ್ರ ಒರಟು.

"ಏಮಮ್ಮಾ, ಏನಾತು? ಮನೀಗೆ ಹೋಗು, ನಾಲ್ಕು ದಿನ ಮಲಕೋ. ವಾಯು ಹಿಡಿದಿರತೈತಿ."

ಗಂಡ ಮಾರೆಣ್ಣ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ. ಸುದ್ದಿ ತಿಳಿದು ಗಾಡಿಯೊಂದಿಗೆ ಬಂದು ಹೆಂಡತಿಯನ್ನು ಎತ್ತಿ ಕೂರಿಸಿಕೊಂಡು ಹೋದ. ಮೂರು ದಿನ ಓಣಿಯವರೆಲ್ಲ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಬದನೆಕಾಯಿ ತಿಂದಿದ್ದರಿಂದ ಎಂದರು, ಬಾವಿಯ ತಂಪಿನಿಂದ ಎಂದರು, ಯಾರದೋ ಕಣ್ಣು ಬಿದ್ದಿದೆ ಎಂದರು. ಹರಳೆಲೆ ಕಾಯಿಸಿ ಕಟ್ಟಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಬೀದಿ ಕೊನೆಯ ಮುದುಕಿಯೊಬ್ಬಳು ಕಬ್ಬಿಣ ಕಾಯಿಸಿ ಬರೆ ಹಾಕಿಸು ಎಂದಾಗ ಮೂಕಮ್ಮ ಕೈಯಲ್ಲಿದ್ದ ಚೊಂಬನ್ನು ಎಸೆಯುವಂತೆ ಎತ್ತಿ ತೋರಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಮಾರೆಣ್ಣ ಬಂದವನೇ, "ಏಳು, ಗಾಡಿ ಹತ್ತು. ಕೋಟೆ ಕಡೆ ಓಣ್ಯಾಗ ಮೌಲಾಲಿ ಅಂತ ಒಬ್ಬಾತ ಅದಾನಂತ. ಯುದ್ಧದಾಗ ಪಟಾಲಮ್ಮಿನಾಗಿದ್ದವನು. ಕೈಲೇ ಕೀಲು ಕೂಡಿಸ್ತಾನಂತ. ಕರ್ನೂಲಿಗೆ ಹೋಗೋ ಗುಮಾಸ್ತನ ಬೆನ್ನು ಸರಿ ಮಾಡ್ಯಾನ, ಆತನೇ ನನ್ನ ಗಾಡ್ಯಾಗ ಕೂತು ಹೇಳಿದ" ಎಂದ.

ಮೌಲಾಲಿಯ ಮನೆಯ ಕಟ್ಟೆಯ ಮೇಲೆ ಅಷ್ಟೊತ್ತಿಗೇ ಐದಾರು ಮಂದಿ ಇದ್ದರು. ಮೌಲಾಲಿ ಐವತ್ತರ ಸುಮಾರಿನ ಗಟ್ಟಿ ಆಳು, ಕತ್ತರಿಸಿದ ಗಡ್ಡ, ಹಳೆಯ ಖಾಕಿ ಅಂಗಿ. ಮೂಕಮ್ಮ ಬರುವ ಹೊತ್ತಿಗೆ ಆತ ಒಬ್ಬ ರೈತನ ಮೊಣಕಾಲಿನ ಮೇಲೆ ಅಂಗೈ ಇಟ್ಟು, ತಟ್ಟನೆ ಹಿಂದೆ ಸರಿದ.

"ಬೆಂಕಿ ಇದ್ದಂಗ ಸುಡ್ತೈತಿ, ಕೆಂಪಾಗಿ ಬಾತೈತಿ, ಮೈಯಾಗ ಜ್ವರನೂ ಐತಿ. ಇದು ನನ್ನ ಕೆಲಸ ಅಲ್ಲಪ್ಪಾ. ಒಳಗ ಕೀವು ಇರಬಹುದು. ಈಗಿಂದೀಗ ಸರ್ಕಾರಿ ದವಾಖಾನಿಗೆ ನಡಿ." ಆಮೇಲೆ ಮಾರೆಣ್ಣನ ಕಡೆ ತಿರುಗಿ, "ಅಣ್ಣಾ, ಗಾಡಿ ಐತಲ್ಲ, ಇವನ್ನ ಬಿಟ್ಟು ಬಾ" ಎಂದ.

ಮಾರೆಣ್ಣ ಆ ರೈತನನ್ನು ಕರೆದುಕೊಂಡು ಹೋದ. ಮೂಕಮ್ಮನಿಗೆ ಆ ಕ್ಷಣದಲ್ಲೇ ಮೌಲಾಲಿಯ ಮೇಲೆ ನಂಬಿಕೆ ಹುಟ್ಟಿತು. ತನ್ನಿಂದ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ವೈದ್ಯನನ್ನು ಆಕೆ ಅಲ್ಲಿಯವರೆಗೆ ನೋಡಿರಲಿಲ್ಲ.

ಆಕೆಯ ಸರದಿ ಬಂದಾಗ ಮೌಲಾಲಿ ಕಾಲು ಮುಟ್ಟಲೇ ಇಲ್ಲ. "ಏನು ಕೆಲಸ ಮಾಡ್ತೀಯವ್ವಾ?" ಎಂದು ಕೇಳಿದ.

"ಹತ್ತಿ ಹಸನ ಮಾಡ್ತೀನಿ ಮಾವಾ."

"ಹೆಂಗ ಕೂಡ್ತೀ? ಯಾವ ಕಾಲು ಮಡಚ್ತೀ? ಎಷ್ಟೊತ್ತು? ಏಳೋದು ಹೆಂಗ, ಬುಟ್ಟಿ ಹೊತ್ಕೊಂಡೇ ಏಳ್ತೀಯೋ, ಎದ್ದ ಮ್ಯಾಲೆ ಹೊತ್ಕೊಂತೀಯೋ?"

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಗಳು. ಮೂಕಮ್ಮ ಎಲ್ಲವನ್ನೂ ಹೇಳಿದಳು, ಕೇಳದೇ ಇದ್ದದ್ದನ್ನೂ ಹೇಳಿದಳು. ಆತ ಆಕೆಯ ಎರಡೂ ಅಂಗಾಲು ನೋಡಿದ, ಗೋಡೆ ಹಿಡಿದು ನಿಲ್ಲಿಸಿ ಸೊಂಟದ ಓರೆ ನೋಡಿದ. ಹೆಂಡತಿ ಹುಸೇನ್‌ಬಿಯನ್ನು ಕರೆದು ಎರಡೂ ತೊಡೆಗಳ ಗಾತ್ರವನ್ನು ದಾರದಿಂದ ಅಳತೆ ಮಾಡಿಸಿದ. ಎಡತೊಡೆ ಎರಡು ಬೆರಳು ಸಣ್ಣದಾಗಿತ್ತು.

"ನೋಡವ್ವಾ, ಮೊಣಕಾಲು ನೋಯ್ತೈತಿ ಅಂದ್ರ ಎಲ್ಲಾರದೂ ಒಂದೇ ರೋಗ ಅಲ್ಲ. ಹಮಾಲಿ ಮಾಡೋರಿಗೆ ಭಾರಕ್ಕ ಸವೀತೈತಿ. ವಯಸ್ಸಾದೋರಿಗೆ ತಾನಾಗಿ ಸವೀತೈತಿ. ಬಿದ್ದೋರಿಗೆ ನರ ಹರಿದಿರತೈತಿ. ನಿಂದು ಬ್ಯಾರೆ." ತನ್ನ ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ. "ಮ್ಯಾಲಿನ ಎಲುಬಿಗೂ ಕೆಳಗಿನ ಎಲುಬಿಗೂ ನಡುವೆ ಮೆತ್ತಗಿನ ಬಿಲ್ಲೆ ಇರತೈತಿ. ಭಾರ ಹೊತ್ತು ತಿರುಗಿಕೋತ ಎದ್ದಿಯಲ್ಲ, ಅದು ಸಂದಿಗೆ ಸಿಕ್ಕೊಂಡೈತಿ, ಬಾಗಲಾಗ ಸೆರಗು ಸಿಕ್ಕೊಂಡಂಗ. ಜೋರು ಮಾಡಿ ಎಳೆದ್ರ ಹರೀತೈತಿ. ಉಪಾಯದಿಂದ ಬಿಡಿಸಬೇಕು."

ಚಾಪೆಯ ಮೇಲೆ ಮಲಗಿಸಿದರು. ಹುಸೇನ್‌ಬಿ ಸೀರೆಯ ಮೇಲಿಂದಲೇ ಮೊಣಕಾಲಿನ ಮೇಲ್ಭಾಗ ಹಿಡಿದಳು. ಮೌಲಾಲಿ ಹಿಮ್ಮಡಿ ಹಿಡಿದ. ಮೊದಲು ಎಷ್ಟೋ ಹೊತ್ತು ತೊಡೆಯನ್ನು ಹಿಂಡಿ ಸಡಿಲ ಮಾಡಿಸಿದ. ಆಮೇಲೆ ಕಾಲನ್ನು ಇನ್ನಷ್ಟು ಮಡಚಿ, ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ, ತೊಟ್ಟಿಲು ತೂಗಿದಂತೆ ಆಡಿಸಿದ. "ಉಸಿರು ಬಿಡು... ಮಾತಾಡಬ್ಯಾಡ" ಎಂದ.

"ಮಾತಾಡ್ದಿದ್ರ ನನಗೆ ಉಸಿರೇ..." ಎಂದು ಮೂಕಮ್ಮ ಹೇಳುತ್ತಿರುವಾಗಲೇ ಒಳಗೆ ಸಣ್ಣಗೆ ಟಿಕ್ ಎಂದಿತು. ಕಾಲು ಸರ್ರನೆ ನೆಟ್ಟಗಾಯಿತು!

ಮೂಕಮ್ಮ ಕಾಲನ್ನು ನೋಡಿದಳು. ಮಡಚಿದಳು, ನೀಡಿದಳು, ಮತ್ತೆ ಮಡಚಿದಳು. "ಬಂತು! ಏ ಬಂತು! ಹುಸೇನ್‌ಬಿ, ನೋಡ್ರೀ ಇಲ್ಲಿ, ನನ್ನ ಕಾಲು ನಂಗ ಬಂತು!" ಎಂದು ಅಳುತ್ತ ನಗುತ್ತ ಎದ್ದೇಳಲು ಹೋದವಳನ್ನು ಹುಸೇನ್‌ಬಿ ಹೆಗಲು ಅದುಮಿ ಕೂರಿಸಿದಳು.

ಈ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳದೆ ಬಿಡುವ ಹೆಂಗಸಲ್ಲ ಆಕೆ. ಯುದ್ಧದ ಕಾಲದಲ್ಲಿ ತಾನು ಅಸ್ಸಾಮಿನ ಕಡೆ ಗಾಯಗೊಂಡವರನ್ನು ಹೊರುತ್ತಿದ್ದುದಾಗಿ ಮೌಲಾಲಿ ಹೇಳಿದ. ಅಲ್ಲಿ ಅಮೆರಿಕದ ಸಿಪಾಯಿಯೊಬ್ಬ ಇದ್ದನಂತೆ. ತನ್ನೂರಿನಲ್ಲಿ ಔಷಧಿಯಿಲ್ಲದೆ ಕೈಯಿಂದಲೇ ಬೆನ್ನೆಲುಬು, ಕೀಲು ಸರಿಪಡಿಸುವ ಕಸುಬು ಅವನದು. ಹೊತ್ತು ಹೊತ್ತು ಹಿಡಿದುಕೊಂಡಿದ್ದ ಮೌಲಾಲಿಯ ಬೆನ್ನನ್ನು ಬಿಡಿಸಿ, ಎರಡು ವರ್ಷ ಬಿಡುವಿದ್ದಾಗಲೆಲ್ಲ ಕೂರಿಸಿಕೊಂಡು ಕಲಿಸಿದ.

"ಅದಕ್ಕ ಅವರು ಕೈರೋಪ್ರಾಕ್ಟಿಕ್ ಅಂತಾರ. ಕೈರೋ ಅಂದ್ರ ಹಳೇ ಕಾಲದ ಯಾವುದೋ ಭಾಷ್ಯಾಗ ಕೈ ಅಂತನಂತ."

"ಅವರಿಗೂ ಕೈ ಅಂದ್ರ ಕೈನೇ ಏನು!" ಮೂಕಮ್ಮ ಚಪ್ಪಾಳೆ ತಟ್ಟಿದಳು. ಅಂದಿನಿಂದ ಆಕೆಯ ಬಾಯಲ್ಲಿ ಆತ ಕೈರೋ ಮಾವನಾದ.

ಆದರೆ ಕೈರೋ ಮಾವ ಅಷ್ಟಕ್ಕೇ ಬಿಡಲಿಲ್ಲ. "ಇವತ್ತು ಬಿಡಿಸೀನಿ, ನಾಳೆ ಅದೇ ಕಾಲು ಮಡಚಿ ಕೂತ್ರ ನಾಡಿದ್ದು ಮತ್ತ ಸಿಕ್ಕೊಂತೈತಿ. ಆವಾಗ ನನ್ನ ಕೈಲೂ ಆಗಲಿಕ್ಕಿಲ್ಲ." ಮಲಗಿ, ಕಾಲು ನೆಟ್ಟಗಿಟ್ಟು, ಗೇಣುದ್ದ ಮೇಲೆತ್ತಿ ಹತ್ತು ಎಣಿಸಿ ಇಳಿಸಬೇಕು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಸೊರಗಿದ ತೊಡೆಗೆ ಬಲ ಬಂದರೆ ಮೊಣಕಾಲಿನ ಭಾರ ಅದು ಹೊರುತ್ತದೆ. ವಾರಕ್ಕೊಮ್ಮೆ ಬಂದು ಸೊಂಟ ತೋರಿಸಬೇಕು. ತಿಂಗಳವರೆಗೆ ನೆಲಕ್ಕೆ ಕೂರುವ ಮಾತೇ ಇಲ್ಲ.

"ನೆಲಕ್ಕ ಕೂಡದೆ ಹತ್ತಿ ಹೆಂಗ ಆರಿಸಲಿ?"

"ಗೇಣೆತ್ತರದ್ದು ಏನಾರ ಮಾಡಿಸ್ಕೋ. ಕೂಡೋ ಪದ್ಧತಿ ಬದಲು ಮಾಡು, ಇಲ್ಲಾ ಕೆಲಸ ಬಿಡು."

ಕೆಲಸ ಬಿಡುವ ಮಾತು ಆಕೆಯ ತಲೆಗೆ ಹೋಗಲೇ ಇಲ್ಲ. ದಾರಿಯಲ್ಲೇ ಜಟಕಾ ನಿಲ್ಲಿಸಿ ಬಡಿಗ ಓಬಳೇಶನ ಅಂಗಡಿಗೆ ಹೋಗಿ, ಮೂರು ಕಾಲಿನ ಒಂದು ಚಿಕ್ಕ ಮುಕ್ಕಾಲಿ ಬೇಕೆಂದು ಹೇಳಿದಳು.

ಕಾಲು ನೆಟ್ಟಗಾದ ಇಪ್ಪತ್ತೆರಡನೆಯ ದಿನ ಮೂಕಮ್ಮ ಮುಕ್ಕಾಲಿಯನ್ನು ಕಂಕುಳಲ್ಲಿಟ್ಟುಕೊಂಡು ಫ್ಯಾಕ್ಟರಿಯ ಬಾಗಿಲು ಹೊಕ್ಕಳು. ಹೆಂಗಸರೆಲ್ಲ ಸುತ್ತುಗಟ್ಟಿದರು. ಆಕೆ ಕಾಲು ಎತ್ತಿ ಇಳಿಸಿ ತೋರಿಸಿದಳು, ಸಿಪಾಯಿಯ ಕಥೆ ಹೇಳಿದಳು, ಬಾಗಿಲಲ್ಲಿ ಸಿಕ್ಕ ಸೆರಗಿನ ಮಾತು ಹೇಳಿದಳು. ಆಕೆ ಹೇಳಿದಂತೆಲ್ಲ ಒಬ್ಬೊಬ್ಬರೂ ತಮ್ಮ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಳ್ಳತೊಡಗಿದರು. ದಸ್ತಗಿರಮ್ಮ ಮೆಟ್ಟಿಲು ಇಳಿಯುವಾಗ ಬದಿಗೆ ತಿರುಗಿ ಇಳಿಯುತ್ತಿದ್ದಳು. ಇನ್ನೊಬ್ಬಳಿಗೆ ಬೆಳಿಗ್ಗೆ ಏಳುವಾಗ ಕಾಲು ಕೊರಡು. ಎಲ್ಲರಿಗೂ ಒಂದಲ್ಲ ಒಂದು ನೋವು ಇತ್ತು. ಯಾರೂ ಅಲ್ಲಿಯವರೆಗೆ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ಏಮಿಟಿದು?" ಬಜಾರಪ್ಪನ ದನಿ. "ಕುರ್ಚಿ ತಂದಿ ಏನು? ನಾಳೆ ಮೇಜು ತರ್ತೀ, ನಾಡಿದ್ದು ಫ್ಯಾನು ಕೇಳ್ತೀ. ಎತ್ತರಕ್ಕ ಕೂತ್ರ ಕೈ ಓಡ್ತೈತೇನು? ತಗದು ಹೊರಗಿಡು!"

"ಇಡಾದಿಲ್ಲ ಮೇಸ್ತ್ರೀ. ಕೈ ಓಡ್ತೈತೋ ಇಲ್ಲೋ ತೂಕ ಮಾಡಿ ನೋಡ್ರಿ! ಆರು ಮಂದಿ ಮುಕ್ಕಾಲಿ ಮ್ಯಾಲೆ, ಆರು ಮಂದಿ ನೆಲದ ಮ್ಯಾಲೆ. ಒಂದೇ ದಿನ, ಒಂದೇ ರಾಶಿ. ನಾವು ಸೋತ್ರ ಮುಕ್ಕಾಲಿ ಒಲಿಗೆ ಹಾಕ್ತೀನಿ, ನಾನೇ ಹಾಕ್ತೀನಿ!"

ಇಷ್ಟು ಜೋರಾಗಿ ಆಡಿದ ಮಾತು ಆಫೀಸಿನ ಕಿಟಕಿಯವರೆಗೆ ಹೋಗದಿರುತ್ತದೆಯೇ? ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಹತ್ತಿಯ ನಮೂನೆ ಹಿಡಿದು ಏಕಾಂತಪ್ಪನವರೇ ಹೊರಗೆ ಬಂದರು. ತೂಕದ ಮಾತು ಅವರಿಗೆ ಯಾವತ್ತೂ ಇಷ್ಟ.

"ಆಕಿ ಹೇಳೋದು ಸರೀನೇ ಐತಿ, ಬಜಾರಪ್ಪ. ವಾದ ಯಾಕ? ಸೋಮವಾರ ತೂಗೂನು."

ನಾಲ್ಕು ದಿನದಲ್ಲಿ ಓಬಳೇಶ ಹಳೆಯ ಬಂಡಿಯ ಹಲಗೆಗಳಿಂದ ಇನ್ನೂ ಐದು ಮುಕ್ಕಾಲಿ ಮಾಡಿಕೊಟ್ಟ. ಅವಸರದಲ್ಲಿ ಅಳತೆಯನ್ನು ಬಾಯಲ್ಲೇ ಹೇಳಿದ್ದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಂಟೆ ಹೊಡೆಯಿತು. ಒಂದು ಕಡೆ ಮೂಕಮ್ಮ, ದಸ್ತಗಿರಮ್ಮ, ಇನ್ನೂ ನಾಲ್ವರು ಮುಕ್ಕಾಲಿಯ ಮೇಲೆ. ಇನ್ನೊಂದು ಕಡೆ ಆರು ಮಂದಿ ನೆಲದ ಮೇಲೆ. ಅವರ ಮುಂದಾಳು ಬಸವಕ್ಕ. ಮೂಕಮ್ಮ ಬಿಟ್ಟರೆ ಆಕೆಯೇ ಚುರುಕು. ಅಂಗಳದಲ್ಲಿ ಹತ್ತಿ ಇಳಿಸಲು ಕಾದಿದ್ದ ಬಂಡಿಯವರು ಎತ್ತುಗಳನ್ನು ಬಿಟ್ಟು ಬಂದು ನಿಂತರು. ಹಮಾಲರು ಮೂಟೆಗಳ ಮೇಲೆ ಹತ್ತಿ ಕೂತರು. ಸ್ಟೇಷನ್ನಿಗೆ ಹೋಗಬೇಕಾದ ಮಾರೆಣ್ಣನ ಜಟಕಾ ಅಂದು ಫ್ಯಾಕ್ಟರಿಯ ಮುಂದೆಯೇ ನಿಂತಿತ್ತು.

ಶುರುವಾದ ಅರ್ಧ ಗಂಟೆಯಲ್ಲೇ ಮೂಕಮ್ಮನಿಗೆ ತಪ್ಪು ಕಂಡಿತು. ಉಳಿದ ಐದು ಮುಕ್ಕಾಲಿಗಳು ಎತ್ತರ! ಕೈ ನೆಲದ ರಾಶಿಗೆ ಎಟುಕುತ್ತಿಲ್ಲ. ಪ್ರತಿ ಸಲ ನಡು ಬಗ್ಗಿಸಬೇಕು. ದಸ್ತಗಿರಮ್ಮನ ಮುಖದಲ್ಲಿ ಬೆವರು. ಆ ಕಡೆ ಬಸವಕ್ಕನ ಬುಟ್ಟಿಗಳು ಒಂದರ ಹಿಂದೊಂದು ತುಂಬಿ ತಕ್ಕಡಿಗೆ ಹೋಗುತ್ತಿವೆ.

"ಮೂಕೀ, ಬೆನ್ನು ಹೋತಲ್ಲೇ! ನಿನ್ನ ಮಾತು ಕೇಳಿ ಕೆಟ್ವಿ!" ಎಂದಳು ದಸ್ತಗಿರಮ್ಮ.

"ಊಟದ ತನಕ ತಡಿಯೇ. ನನ್ನ ಮ್ಯಾಲೆ ಆಣೆ, ತಡಿ!"

ಹನ್ನೆರಡಕ್ಕೆ ಗಂಟೆ ಹೊಡೆದಾಗ ಬಜಾರಪ್ಪ ತೂಕ ಕೂಗಿದ. ನೆಲದವರದು ಆರು ಮಣ. ಮುಕ್ಕಾಲಿಯವರದು ನಾಲ್ಕೂವರೆ. ಬಂಡಿಯವರ ಕಡೆಯಿಂದ ಶಿಳ್ಳೆ ಬಿತ್ತು. ಬಸವಕ್ಕ ರೊಟ್ಟಿ ಬಿಚ್ಚಿಕೊಂಡು, "ಒಲಿ ಹಚ್ಚೋದು ಯಾವಾಗಬೇ?" ಎಂದು ಕೂಗಿದಳು.

ಮೂಕಮ್ಮ ರೊಟ್ಟಿಯ ಗಂಟು ಮುಟ್ಟಲಿಲ್ಲ. ಗೇಟಿಗೆ ಓಡಿದಳು. ಅಂದರೆ ಓಡುತ್ತಿದ್ದೇನೆಂಬುದೂ ಆಕೆಗೆ ತಿಳಿಯಲಿಲ್ಲ. ನೋಡುತ್ತಿದ್ದ ಮಾರೆಣ್ಣನೇ ಬಾಯಿ ತೆರೆದು ನಿಂತ. ತಿಂಗಳ ಹಿಂದೆ ಇವಳನ್ನು ಹೊತ್ತು ಕೂರಿಸಿದ್ದು ಇದೇ ಗೇಟಿನ ಮುಂದೆ.

"ನಿಂತು ಏನು ನೋಡ್ತೀ? ಹೊಡಿ ಗಾಡಿ! ಓಬಳೇಶನ್ನ ಕರಕೊಂಡು ಬಾ! ಗರಗಸ ಮರೀಬ್ಯಾಡ!"

ಜಟಕಾ ಬಜಾರಿನಲ್ಲಿ ಹಾರಿತು. ಅರ್ಧ ರೊಟ್ಟಿಯನ್ನು ಬಾಯಲ್ಲಿಟ್ಟುಕೊಂಡೇ ಬಂದ ಓಬಳೇಶ ಗರಗಸ ಹಿಡಿದು ಅಂಗಳದಲ್ಲಿ ಕೂತ. ಮೂಕಮ್ಮ ಒಬ್ಬೊಬ್ಬಳನ್ನೂ ಮುಕ್ಕಾಲಿಯ ಮೇಲೆ ಕೂರಿಸಿ, ಕೈ ನೀಡಿಸಿ, ಪಾದ ನೆಲಕ್ಕೆ ಊರುತ್ತದೋ ನೋಡಿ, "ಈಕಿಗೆ ಎರಡು ಬೆರಳು ಕೊಯ್ಯಿ. ಈಕಿಗೆ ಮೂರು. ದಸ್ತಗಿರಿ ಉದ್ದ ಅದಾಳ, ಒಂದೇ ಬೆರಳು ಸಾಕು" ಎಂದು ಹೇಳುತ್ತ ಹೋದಳು. ಮೊದಲು ಗೇಲಿ ಮಾಡುತ್ತಿದ್ದ ಹಮಾಲರೇ ಈಗ ಮುಕ್ಕಾಲಿಗಳನ್ನು ಅಲುಗದಂತೆ ಹಿಡಿದುಕೊಂಡರು. ಕೊನೆಯ ಕಾಲು ಕೊಯ್ದು ಮುಗಿಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಮಧ್ಯಾಹ್ನದ ಕಥೆಯೇ ಬೇರೆ. ಕೈಗಳು ರಾಶಿಗೆ ತಾನಾಗಿ ಇಳಿಯುತ್ತಿದ್ದವು. ಬುಟ್ಟಿ ತುಂಬಿದರೆ ಮೊದಲು ಎದ್ದು ನಿಂತು, ಆಮೇಲೆ ಇಬ್ಬರು ಸೇರಿ ತಲೆಗೆ ಎತ್ತುವುದು. ಇದೂ ಕೈರೋ ಮಾವನ ಪಾಠವೇ. ಎರಡು ಗಂಟೆಯ ಹೊತ್ತಿಗೆ ಬಸವಕ್ಕನ ಸಾಲಿನಲ್ಲಿ ಒಬ್ಬಳು ಎದ್ದು ಕಾಲು ಝಾಡಿಸಿಕೊಂಡಳು. ಮೂರಕ್ಕೆ ಇನ್ನಿಬ್ಬರು ಕಾಲು ನೀಡಿ ಮಂಡಿ ಒತ್ತಿಕೊಂಡರು. ಪ್ರತಿ ದಿನವೂ ಆಗುತ್ತಿದ್ದದ್ದೇ ಅದು. ಆದರೆ ಅಂದು ಎಲ್ಲರೂ ನೋಡುತ್ತಿದ್ದರು. ಬಜಾರಪ್ಪನೂ ನೋಡುತ್ತಿದ್ದ. ಮುಕ್ಕಾಲಿಯ ಸಾಲಿನಲ್ಲಿ ಒಬ್ಬಳೂ ಅಲುಗಲಿಲ್ಲ.

"ನಡೀಲಿ, ನಡೀಲಿ, ಕೈ ಬಿಡಬ್ಯಾಡ್ರೇ!" ಮೂಕಮ್ಮ ಕೂಗುತ್ತಿದ್ದಳು. ಮೂಟೆಗಳ ಮೇಲಿನ ಹಮಾಲರು ಬುಟ್ಟಿ ಎಣಿಸಿ ಕೂಗುತ್ತಿದ್ದರು. ಬಂಡಿಯವರಲ್ಲಿ ಅರ್ಧ ಮಂದಿ ಆ ಕಡೆ, ಅರ್ಧ ಮಂದಿ ಈ ಕಡೆ. ಎತ್ತುಗಳೂ ತಲೆಯೆತ್ತಿ ನೋಡುವಷ್ಟು ಗದ್ದಲ.

ಐದು ಗಂಟೆ. ಕೊನೆಯ ಬುಟ್ಟಿಗಳು ತಕ್ಕಡಿಗೆ ಏರಿದವು. ಎಲ್ಲರೂ ತಕ್ಕಡಿಯ ಸುತ್ತ ಒತ್ತಿಕೊಂಡು ಬಂದರು. ಬಜಾರಪ್ಪ ಎರಡು ಸಲ ತೂಗಿ ನೋಡಿ ಕೂಗಿದ:

"ನೆಲದೋರು, ಇಡೀ ದಿನಕ್ಕ ಹನ್ನೊಂದೂ ಕಾಲು ಮಣ. ಮುಕ್ಕಾಲಿಯೋರು ಹನ್ನೊಂದು ಮಣ."

ಕಾಲು ಮಣದಿಂದ ಸೋತಿದ್ದರು. ಹತ್ತೇ ಸೇರು. ಮೂಕಮ್ಮನ ಕೈ ಹಾಗೇ ಕೆಳಗಿಳಿಯಿತು. ಬಗ್ಗಿ ತನ್ನ ಮುಕ್ಕಾಲಿಯನ್ನು ಎತ್ತಿಕೊಂಡಳು. ಆಡಿದ ಮಾತು ಆಡಿದ್ದೇ.

"ನಿಲ್ಲವ್ವಾ," ಎಂದರು ಏಕಾಂತಪ್ಪ. "ಬಜಾರಪ್ಪ, ಊಟ ಆದ ಮ್ಯಾಲಿನ ತೂಕ ಬ್ಯಾರೆ ಹೇಳು."

ಬಜಾರಪ್ಪ ತಲೆ ಕೆರೆದುಕೊಂಡ. ಸುಳ್ಳು ತೂಕ ಹೇಳುವವನಲ್ಲ ಆತ. "ನೆಲದೋರು ಐದೂ ಕಾಲು ರೀ. ಮುಕ್ಕಾಲಿಯೋರು..." ಬೆರಳೆಣಿಸಿ, "ಆರೂವರೆ."

ಏಕಾಂತಪ್ಪ ಎರಡೂ ಕಡೆಯ ಬುಟ್ಟಿಗಳಿಂದ ಒಂದೊಂದು ಹಿಡಿ ಹತ್ತಿ ಎತ್ತಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. "ಬೆಳಿಗ್ಗೆ ಸೋತಿದ್ದು ಬಡಿಗನ ಅಳತಿ. ಮಧ್ಯಾಹ್ನ ಗೆದ್ದಿದ್ದು ಹೆಂಗಸ್ರು. ಹತ್ತಿನೂ ಹಸನಾಗೈತಿ. ಓಬಳೇಶಾ, ಇನ್ನೂ ಮೂವತ್ತನಾಲ್ಕು ಮಾಡು. ಈ ಸಲ ಒಬ್ಬೊಬ್ಬರನ್ನ ಕೂಡಿಸಿ ಅಳತಿ ತಗೋ."

ಆಮೇಲೆ ಎದ್ದ ಗದ್ದಲವನ್ನು ಹೇಳುವುದು ಕಷ್ಟ. ದಸ್ತಗಿರಮ್ಮ ಮೂಕಮ್ಮನನ್ನು ತಬ್ಬಿಕೊಂಡು ಎತ್ತಿಯೇಬಿಟ್ಟಳು. "ಇಳಿಸೇ, ನಿನ್ನ ಮೊಣಕಾಲು ಹೋದೀತು!" ಎಂದು ಮೂಕಮ್ಮ ಕಿರುಚಿದಳು. ಬಸವಕ್ಕ ಬಂದು ಮುಕ್ಕಾಲಿಯ ಮೇಲೆ ಕೂತು, ಎದ್ದು, ಮತ್ತೆ ಕೂತು, "ನನಗೆ ಎಷ್ಟು ಬೆರಳು ಕೊಯ್ಯಬೇಕು ನೋಡೇ" ಎಂದಳು. ಬಜಾರಪ್ಪ ಎಲ್ಲರೂ ಹೋಗುವವರೆಗೆ ಕಾದು, ತನ್ನ ಬಲ ಮಂಡಿಯೂ ಎರಡು ವರ್ಷದಿಂದ ಕಟಕಟ ಎನ್ನುತ್ತಿದೆಯೆಂದು ಹೇಳಿ, ಆ ಕೋಟೆ ಓಣಿಯ ಸಾಹೇಬರ ಮನೆ ಎಲ್ಲಿಯೆಂದು ಮೂಕಮ್ಮನನ್ನು ಮೆಲ್ಲಗೆ ಕೇಳಿದ.

ಮೂಕಮ್ಮನ ಮೊಣಕಾಲು ಪೂರಾ ಹೊಸದಾಯಿತೆಂದಲ್ಲ. ಮೋಡ ಕವಿದ ದಿನ ಅದು ಸಣ್ಣಗೆ ಗೊಣಗುತ್ತಿತ್ತು. ವ್ಯಾಯಾಮ ನಾಲ್ಕು ದಿನ ಬಿಟ್ಟರೆ ಮೌಲಾಲಿಯ ಬೈಗುಳ ತಪ್ಪುತ್ತಿರಲಿಲ್ಲ. ಆದರೆ ಮತ್ತೆ ಸಿಕ್ಕಿಕೊಳ್ಳಲಿಲ್ಲ. ಭಾನುವಾರಗಳಲ್ಲಿ ಆಕೆ ಹುಸೇನ್‌ಬಿಯ ಪಕ್ಕದಲ್ಲಿ ಕೂತು ಹೆಂಗಸರ ತೊಡೆ ಹಿಂಡುವುದನ್ನೂ, ಕಾಲೆತ್ತಿಸಿ ಎಣಿಸುವುದನ್ನೂ ಕಲಿತಳು. ಕೀಲು ಕೂಡಿಸಲು ಮಾತ್ರ ಕೈ ಹಾಕಲಿಲ್ಲ. "ಅದು ಮಾವನ ಕೈ. ನಂದು ಬಾಯಿ" ಎನ್ನುತ್ತಿದ್ದಳು.

ಮರುವರ್ಷ ಶೇಂಗಾ ಸುಗ್ಗಿಯಲ್ಲಿ ಆಸ್ಪರಿಯಿಂದ ಆಕೆಗೆ ಕರೆ ಬಂತು. ಅಲ್ಲಿಯ ಜಮೀನುದಾರ್ತಿ ಪಂಪಮ್ಮನವರ ಕಣದಲ್ಲಿ ಶೇಂಗಾ ಬಿಡಿಸುವ ಹೆಂಗಸರಲ್ಲಿ ಅರ್ಧ ಮಂದಿ ಮಂಡಿ ನೋವೆಂದು ಮನೆಯಲ್ಲಿ ಕೂತಿದ್ದರು. ಮೂಕಮ್ಮ ಬೆಳಗಿನ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಕಂಡಕ್ಟರಿಗೆ ಮೊಣಕಾಲಿನೊಳಗಿನ ಬಿಲ್ಲೆಯ ವಿಷಯ ಹೇಳಿದಳು. ಬಸ್ಸು ಇಳಿದಾಗ ಪಂಪಮ್ಮನವರೇ ಕೋಲೂರಿಕೊಂಡು ಎದುರಿಗೆ ಬಂದರು.

"ಬಾರವ್ವಾ. ಔಷಧ ಏನಾರ ತಂದಿಯೇನು?"

"ಔಷಧ ಎಲ್ಲೀದ್ರೀ ಅಮ್ಮಾ? ಮೊದಲು ನೀವು ಹೆಂಗ ಕೂಡ್ತೀರಿ ತೋರಸ್ರಿ" ಎಂದ ಮೂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣದಲ್ಲಿ ಕಾದು ಕೂತಿದ್ದ ಮೂವತ್ತು ಹೆಂಗಸರ ಕಡೆಗೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ನಡೆದಳು.